ಆರನೆಯ ವಾರ ಆ ಕಣ್ಣನ್ನು ನೋಡುವವರು ಯಾರು?

ಪ್ರಶ್ನೆ: ನಾವು ಎಂಟು ಮಂದಿ ನಿವೃತ್ತ ಗೆಳೆಯರು ಸೇರಿ ಒಂದಿಷ್ಟು ಹಣ ಕೂಡಿಸಿದ್ದೇವೆ. ಆಫ್ರಿಕಾದಂಥ ಕಡೆ ಬಡವರು ಕುರುಡಾಗುವುದನ್ನು ತಪ್ಪಿಸುವ ಕೆಲಸಕ್ಕೆ ಕೊಡುವ ಮನಸ್ಸು. ಒಂದು ಸಂಸ್ಥೆಯವರು "ಇಷ್ಟು ಕೊಡಿ, ಒಬ್ಬರಿಗೆ ಕಣ್ಣು ಬರುತ್ತದೆ" ಎನ್ನುತ್ತಾರೆ. ನಂಬಬಹುದೆ? ಪರಿಚಯದವರಿಂದ ಹಳೆಯ ಕನ್ನಡಕಗಳನ್ನೂ ಸೇರಿಸಿದ್ದೇವೆ, ಎರಡು ದೊಡ್ಡ ಪೆಟ್ಟಿಗೆ ತುಂಬಿವೆ. ಎಲ್ಲಿಗೆ ಕಳಿಸಬೇಕು? ನಮ್ಮಲ್ಲೊಬ್ಬರ ಮಗಳು ಕಣ್ಣಿನ ಡಾಕ್ಟರು. ಎರಡು ವಾರ ರಜೆ ಹಾಕಿ ಅಲ್ಲಿಗೇ ಹೋಗಿ ಆಪರೇಷನ್ ಮಾಡಿಕೊಟ್ಟು ಬರುತ್ತೇನೆ ಅನ್ನುತ್ತಾಳೆ. ಹೋಗಲಿ ಅನ್ನುತ್ತೀರಾ?

ಉತ್ತರ:

ಕಹಿ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆ ಎರಡು ಪೆಟ್ಟಿಗೆಗಳನ್ನು ಎಲ್ಲಿಗೂ ಕಳಿಸಬೇಡಿ.

ಕಂಬಳಿಯಾದರೆ ಯಾರಿಗೆ ಬೇಕಾದರೂ ಹೊದೆಸಬಹುದು, ಕನ್ನಡಕ ಹಾಗಲ್ಲ. ಎಡಗಣ್ಣಿಗೊಂದು ಪವರ್, ಬಲಗಣ್ಣಿಗೊಂದು. ಒಂದು ದಿಕ್ಕಿನ ಮಸುಕನ್ನು ಮಾತ್ರ ಸರಿಪಡಿಸುವ ಸಿಲಿಂಡರ್ ಪವರ್ ಇದ್ದರೆ ಅದು ಕೂರಬೇಕಾದ ಕೋನ ಬೇರೆ, ಎರಡು ಪಾಪೆಗಳ ನಡುವಿನ ಅಂತರ ಬೇರೆ. ನಿಮ್ಮ ಗೆಳೆಯರ ಮೂಗಿಗೆ ಸರಿಯಾಗಿ ಕೂತದ್ದು ಮಲಾವಿಯ ರೈತ ಮಹಿಳೆಯೊಬ್ಬರ ಎರಡು ಕಣ್ಣಿಗೂ ಒಪ್ಪಬೇಕೆಂದರೆ ಲಾಟರಿ ಹೊಡೆದ ಹಾಗೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದವರು ದಾನವಾಗಿ ಬಂದ ಕನ್ನಡಕಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಬಳಸಲು ಯೋಗ್ಯವಾಗಿದ್ದದ್ದು ನೂರಕ್ಕೆ ಏಳು. ಉಳಿದವುಗಳಲ್ಲಿ ಗೀರು ಬಿದ್ದವು, ಕಾಲು ಮುರಿದವು, ಯಾರಿಗೂ ಹೊಂದದ ಪವರಿನವು. ತೊಳೆದು, ಅಳೆದು, ವಿಂಗಡಿಸಿ, ಹಡಗು ಹತ್ತಿಸುವ ಖರ್ಚು ಕೂಡಿಸಿದರೆ ಆ ಏಳು ಕನ್ನಡಕಗಳ ಬೆಲೆ ಹೊಸ ರೆಡಿಮೇಡ್ ಕನ್ನಡಕಕ್ಕಿಂತ ಹೆಚ್ಚಾಗುತ್ತದೆ. ಅಂಧತ್ವ ತಡೆಯುವ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಪಿಬಿ ಕೂಡ ಹಳೆಯ ಕನ್ನಡಕಗಳನ್ನು ಹಂಚುವುದು ಬೇಡ ಎಂದೇ ಹೇಳುತ್ತದೆ. ಕೂಡಿಹಾಕಿದ ನಿಮ್ಮ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಪೆಟ್ಟಿಗೆಗಳಿಂದ ಹಗುರಾಗುವುದು ಕೊಟ್ಟವರ ಬೀರು ಮಾತ್ರ.

ಇನ್ನು "ಇಷ್ಟು ಕೊಟ್ಟರೆ ಒಬ್ಬರಿಗೆ ಕಣ್ಣು" ಎನ್ನುವ ಮಾತು. ಇದರಲ್ಲಿ ಸುಳ್ಳಿಲ್ಲ, ಪೂರ್ತಿ ನಿಜವೂ ಇಲ್ಲ. ಸ್ವಲ್ಪ ವಿವರವಾಗಿ ಹೇಳಬೇಕು.

2020ರ ಲೆಕ್ಕದಲ್ಲಿ ಜಗತ್ತಿನಲ್ಲಿ ಪೂರ್ತಿ ಕುರುಡರಾದವರು ಸುಮಾರು 4.3 ಕೋಟಿ. ಅವರಲ್ಲಿ 1.7 ಕೋಟಿ ಜನ ಕುರುಡಾಗಿರುವುದು ಬರೀ ಪೊರೆಯಿಂದ. ಕಣ್ಣೊಳಗಿನ ಮಸೂರ ವಯಸ್ಸಾದಂತೆ ಮಬ್ಬಾಗುತ್ತದೆ, ಅಷ್ಟೆ. ಆ ಮಬ್ಬು ಮಸೂರವನ್ನು ತೆಗೆದು ಪ್ಲಾಸ್ಟಿಕ್ಕಿನದೊಂದನ್ನು ಕೂರಿಸಿದರೆ ಮರುದಿನ ಪಟ್ಟಿ ಬಿಚ್ಚಿದಾಗ ಮನುಷ್ಯ ಎದುರಿಗಿದ್ದವರ ಮುಖ ನೋಡುತ್ತಾನೆ. ಇಷ್ಟು ಬೇಗ, ಇಷ್ಟು ಕಡಿಮೆ ಖರ್ಚಿನಲ್ಲಿ, ಇಷ್ಟು ದೊಡ್ಡ ಫಲ ಕೊಡುವ ಆಪರೇಷನ್ನುಗಳು ವೈದ್ಯಶಾಸ್ತ್ರದಲ್ಲಿ ಬೆರಳೆಣಿಕೆಯಷ್ಟು. ದಾನಿಗಳು ಇದಕ್ಕೆ ಮನಸೋಲುವುದು ಸಹಜ. ನಾನೂ ಕಣ್ಣಿನ ಡಾಕ್ಟರ ಈ ಕಸುಬಿಗೆ ಬಂದದ್ದು ಆ ಪಟ್ಟಿ ಬಿಚ್ಚುವ ಗಳಿಗೆಗೆ ಮನಸೋತೇ.

ಆದರೆ ಈ ಅಗ್ಗದ ದರ ತಾನಾಗಿ ಬಂದದ್ದಲ್ಲ. ಅದರ ಹಿಂದೊಂದು ಕಥೆಯಿದೆ. ನಿಮ್ಮ ಹಣ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೂ ಅದರಲ್ಲೇ ಉತ್ತರ ಸಿಗುತ್ತದೆ.

ಲಂಡನ್ನಿನ ಹೆರಾಲ್ಡ್ ರಿಡ್ಲಿ ಯುದ್ಧಕಾಲದಲ್ಲಿ ಗಾಯಗೊಂಡ ಪೈಲಟ್‌ಗಳ ಕಣ್ಣು ನೋಡುತ್ತಿದ್ದಾಗ ಒಂದು ವಿಚಿತ್ರ ಗಮನಿಸಿದರು. ಒಡೆದ ವಿಮಾನದ ಮುಚ್ಚಳದ ಪರ್ಸ್ಪೆಕ್ಸ್ ಚೂರುಗಳು ಕಣ್ಣೊಳಗೆ ಸಿಕ್ಕಿಕೊಂಡಿದ್ದರೂ ಕಣ್ಣು ಕೆರಳದೆ ತೆಪ್ಪಗಿತ್ತು. ಅದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿಸಿ 1949ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಮನುಷ್ಯನ ಕಣ್ಣಿಗೆ ಹಾಕಿದರು. ಬಡದೇಶಗಳಿಗೆ ಆ ಮಸೂರ ಮುಟ್ಟಲು ಇನ್ನೂ ನಾಲ್ಕು ದಶಕ ಹಿಡಿಯಿತು, ಏಕೆಂದರೆ ಒಂದೊಂದಕ್ಕೆ ನೂರು ಡಾಲರ್‌ಗೂ ಮೀರಿದ ಬೆಲೆ. ಅಲ್ಲಿಯವರೆಗೆ ಬಡವರಿಗೆ ಪೊರೆ ತೆಗೆದು ಸೋಡಾಬುಡ್ಡಿ ಕನ್ನಡಕ ಕೊಟ್ಟು ಕಳಿಸುತ್ತಿದ್ದರು. ಅದನ್ನು ಹಾಕಿಕೊಂಡರೆ ಲೋಕವೆಲ್ಲ ಉಬ್ಬಿದಂತೆ ಕಾಣುತ್ತದೆ, ಬದಿಯದೇನೂ ಕಾಣುವುದಿಲ್ಲ, ಮೆಟ್ಟಿಲು ಇಳಿಯಲು ಹೋದರೆ ಕಾಲು ತಪ್ಪುತ್ತದೆ. ಬಿದ್ದು ಒಡೆದರೆ ಮತ್ತೆ ಮೊದಲಿನ ಕತ್ತಲೆ. ಹಾಗೆ ಒಡೆದವರ ಸಂಖ್ಯೆ ಸಣ್ಣದಲ್ಲ.

ಇದನ್ನು ತಲೆಕೆಳಗು ಮಾಡಿದವರಲ್ಲಿ ಫ್ರೆಡ್ ಹಾಲೋಸ್ ಒಬ್ಬರು. ನ್ಯೂಜಿಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ನೆಲೆಸಿದ, ಬಾಯಿ ತುಸು ಒರಟಾಗಿದ್ದ ಡಾಕ್ಟರು. 1987ರಲ್ಲಿ ಆಫ್ರಿಕಾದ ಎರಿಟ್ರಿಯಾಕ್ಕೆ ಹೋದರು, ಸ್ವಾತಂತ್ರ್ಯಕ್ಕಾಗಿ ಯುದ್ಧ ನಡೆಯುತ್ತಿದ್ದ ಹೊತ್ತಿನಲ್ಲಿ. ಬಡವರಿಗೊಂದು, ಶ್ರೀಮಂತರಿಗೊಂದು ಆಪರೇಷನ್ ಎಂಬ ಭೇದ ಅವರಿಗೆ ಒಪ್ಪಿಗೆಯಾಗಲಿಲ್ಲ. ಮಸೂರಗಳನ್ನು ಹೊತ್ತು ತಂದು ಹಂಚುವ ದಾರಿಯನ್ನೂ ಅವರು ಹಿಡಿಯಲಿಲ್ಲ. ಅಲ್ಲೇ ಕಾರ್ಖಾನೆ ಹಾಕಬೇಕು ಎಂದು ಹಟ ಹಿಡಿದರು. ಎರಿಟ್ರಿಯಾದ ಅಸ್ಮಾರಾದಲ್ಲಿ, ನೇಪಾಳದ ಕಠ್ಮಂಡುವಿನಲ್ಲಿ ಮಸೂರ ಮಾಡುವ ಘಟಕಗಳು ಎದ್ದವು, ಅವರ ಸಾವಿನ ನಂತರ. ಮೂತ್ರಪಿಂಡದ ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದಿದ್ದಾಗ, 1992ರಲ್ಲಿ, ಆಸ್ಪತ್ರೆಯಿಂದ ತಾವಾಗಿಯೇ ಬಿಡಿಸಿಕೊಂಡು ವಿಯೆಟ್ನಾಮಿಗೆ ಹಾರಿದ್ದರು. ಅಲ್ಲಿನ ಮುನ್ನೂರು ವೈದ್ಯರಿಗೆ ಹೊಸ ಬಗೆಯ ಪೊರೆ ಆಪರೇಷನ್ ಕಲಿಸಿಕೊಡುತ್ತೇನೆಂದು ಕೊಟ್ಟಿದ್ದ ಮಾತು ಬಾಕಿಯಿತ್ತು. ಮರುವರ್ಷ ಫೆಬ್ರುವರಿಯಲ್ಲಿ ತೀರಿಕೊಂಡರು. ಮಧುರೈನ ಅರವಿಂದ ಕಣ್ಣಾಸ್ಪತ್ರೆ ಸಂಸ್ಥೆಯ ಅರೋಲ್ಯಾಬ್ ಕೂಡ 1992ರಲ್ಲೇ ಮಸೂರ ತಯಾರಿಕೆಗೆ ಇಳಿದಿತ್ತು. ಇವರೆಲ್ಲರಿಂದಾಗಿ ನೂರು ಡಾಲರಿನ ಮಾಲು ಹತ್ತು ಡಾಲರಿಗಿಂತ ಕೆಳಗಿಳಿಯಿತು.

ಮಸೂರ ಅಗ್ಗವಾದರೆ ಸಾಲದು, ಹಾಕುವ ಕೈ ಬೇಕಲ್ಲ. ಹಾಲೋಸ್ 1985ರಲ್ಲಿ ನೇಪಾಳಕ್ಕೆ ಹೋದಾಗ ಭೇಟಿಯಾದ ತರುಣ ವೈದ್ಯ ಸಂದುಕ್ ರುಯಿತ್ ಆ ಕೆಲಸಕ್ಕೆ ಬೆನ್ನುಕೊಟ್ಟರು. ಶ್ರೀಮಂತ ದೇಶಗಳಲ್ಲಿ ಪೊರೆಯನ್ನು ಅಲ್ಟ್ರಾಸೌಂಡ್ ಯಂತ್ರದಿಂದ ಪುಡಿಮಾಡಿ ಹೀರುತ್ತಾರೆ. ಯಂತ್ರ ದುಬಾರಿ, ಕೆಟ್ಟರೆ ರಿಪೇರಿಗೆ ಜನವಿಲ್ಲ, ವರ್ಷಗಟ್ಟಲೆ ಬಿಟ್ಟ ಕಲ್ಲಿನಂಥ ಪೊರೆಗೆ ಅದು ಸುಲಭವಾಗಿ ಒಗ್ಗುವುದೂ ಇಲ್ಲ. ಕಣ್ಣಿನ ಬಿಳಿ ಭಾಗದಲ್ಲಿ ಸುರಂಗದಂಥ ಸಣ್ಣ ಸೀಳು ಮಾಡಿ, ಪೊರೆಯನ್ನು ಇಡಿಯಾಗಿ ಹೊರತೆಗೆದು, ಮಸೂರ ಕೂರಿಸಿ, ಹೊಲಿಗೆಯನ್ನೇ ಹಾಕದೆ ಬಿಡುವ ವಿಧಾನವನ್ನು ರುಯಿತ್ ಮತ್ತಿತರರು ತಿದ್ದಿ ತೀಡಿದರು. ಸೀಳಿನ ಆಕಾರವೇ ಹಾಗಿರುವುದರಿಂದ ಕಣ್ಣಿನ ಒತ್ತಡಕ್ಕೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಪಳಗಿದ ಕೈಗೆ ಹತ್ತು ನಿಮಿಷವೂ ಬೇಡ. 2007ರಲ್ಲಿ ಪ್ರಕಟವಾದ ನೇಪಾಳದ ಒಂದು ಹೋಲಿಕೆಯಲ್ಲಿ ಆರು ತಿಂಗಳ ನಂತರದ ದೃಷ್ಟಿ ಯಂತ್ರದ್ದಕ್ಕೂ ಇದಕ್ಕೂ ಹೆಚ್ಚುಕಮ್ಮಿ ಒಂದೇ ಬಂತು. 1994ರಲ್ಲಿ ಶುರುವಾದ ಅವರ ತಿಲಗಂಗಾ ಕೇಂದ್ರದಲ್ಲಿ ಕಲಿತ ವೈದ್ಯರು ಇವತ್ತು ಬೇರೆ ಬೇರೆ ದೇಶಗಳಲ್ಲಿದ್ದಾರೆ.

ಇಷ್ಟಕ್ಕೆ ನಿಂತರೆ ಸೊಗಸಾದ ಕಥೆ. ಈಗ ನನ್ನ ಕಥೆ ಕೇಳಿ.

ಹೊಸದಾಗಿ ಡಾಕ್ಟರಾಗಿದ್ದ ಕಾಲ. ಒಂದು ತಂಡದ ಜೊತೆ ಹೊರದೇಶದ ಸಣ್ಣ ಊರೊಂದಕ್ಕೆ ಹೋಗಿದ್ದೆ. ಐದು ದಿನ, ಇನ್ನೂರು ಚಿಲ್ಲರೆ ಆಪರೇಷನ್. ಊಟಕ್ಕೆ ಏಳುವುದಕ್ಕೂ ಬಿಡುವಿಲ್ಲ. ಕೊನೆಯ ದಿನ ಪಟ್ಟಿ ಬಿಚ್ಚಿಸಿಕೊಂಡವರ ಜೊತೆ ಫೋಟೋ ತೆಗೆಸಿಕೊಂಡೆವು, ಯಾರೋ ಅಜ್ಜಿ ನನ್ನ ಗಲ್ಲ ಸವರಿದರು, ಕಣ್ಣೀರು ಹಾಕಿಕೊಂಡೇ ವಿಮಾನ ಹತ್ತಿದೆ. ಮೂರು ತಿಂಗಳ ಮೇಲೆ ಅಲ್ಲಿನ ನರ್ಸ್ ಒಬ್ಬರಿಂದ ಕಾಗದ ಬಂತು. ಕೊನೆಯ ದಿನ ಆಪರೇಷನ್ ಆದವರಲ್ಲಿ ಇಬ್ಬರ ಕಣ್ಣಿಗೆ ನಾವು ಹೊರಟ ಮೂರನೆಯ ದಿನ ಕೀವು ತುಂಬಿತ್ತು. ಆ ನರ್ಸ್ ಕೈಯಲ್ಲಿದ್ದದ್ದು ಹನಿ ಹಾಕುವ ಬಾಟಲಿ ಮಾತ್ರ. ಕಣ್ಣಿನ ಡಾಕ್ಟರಿದ್ದ ಹತ್ತಿರದ ಊರು ಬಸ್ಸಿನಲ್ಲಿ ಒಂದು ದಿನದ ದಾರಿ. ಒಬ್ಬರ ಕಣ್ಣು ಉಳಿಯಿತು, ಇನ್ನೊಬ್ಬರದು ಹೋಯಿತು. ಹೋದದ್ದು ಅವರಿಗೆ ಉಳಿದಿದ್ದ ಒಂದೇ ಕಣ್ಣು.

ಒಳ್ಳೆಯ ಆಸ್ಪತ್ರೆಯಲ್ಲೂ ಸಾವಿರದಲ್ಲಿ ಒಂದು ಕಣ್ಣಿಗೆ ಹೀಗಾಗಬಹುದು, ಯಾರನ್ನೂ ದೂರುವಂತಿಲ್ಲ. ಆದರೆ ಅಂಥ ಆಸ್ಪತ್ರೆಯಲ್ಲಿ ಅದೇ ದಿನ ಕಣ್ಣೊಳಗೆ ಔಷಧಿ ಚುಚ್ಚಿ ಉಳಿಸಲು ನೋಡುತ್ತಾರೆ. ನಮ್ಮ ತಪ್ಪು ಕತ್ತರಿಯದಲ್ಲ, ಕ್ಯಾಲೆಂಡರಿನದು. ವಿಮಾನದ ಟಿಕೆಟ್ಟಿನ ತಾರೀಖಿಗೆ ತಕ್ಕಂತೆ ಆಪರೇಷನ್ ಮುಗಿಸಿದ್ದೆವು. ಅವತ್ತಿನಿಂದ ಯಾವ ಸಂಸ್ಥೆಯ ವರದಿ ಕೈಗೆ ಬಂದರೂ ಎಷ್ಟು ಆಪರೇಷನ್ ಎಂದು ಮೊದಲು ನೋಡುವುದಿಲ್ಲ. ಆರನೆಯ ವಾರ ಆ ಕಣ್ಣುಗಳನ್ನು ನೋಡಿದವರು ಯಾರು, ಏನು ಕಂಡಿತು ಎಂದು ಹುಡುಕುತ್ತೇನೆ.

ಆರನೆಯ ವಾರವೇ ಏಕೆಂದರೆ ಆ ಹೊತ್ತಿಗೆ ಗಾಯ ಮಾಗಿ ಪವರ್ ನೆಲೆ ನಿಂತಿರುತ್ತದೆ. ಬೇಕಾದವರಿಗೆ ಕನ್ನಡಕ ಕೊಡಬೇಕಾದದ್ದು ಆಗಲೇ. ವಿಶ್ವ ಆರೋಗ್ಯ ಸಂಸ್ಥೆ ಬಹಳ ಹಿಂದೆಯೇ ಒಂದು ಅಳತೆ ಕೊಟ್ಟಿತ್ತು: ಆಪರೇಷನ್ ಆದ ನೂರು ಕಣ್ಣುಗಳಲ್ಲಿ ಎಂಬತ್ತಕ್ಕಾದರೂ 6/18ರಷ್ಟು, ಅಂದರೆ ಸರಿಯಾದ ಕಣ್ಣು ಹದಿನೆಂಟು ಮೀಟರಿನಿಂದ ಓದುವುದನ್ನು ಆರು ಮೀಟರಿನಿಂದ ಓದುವಷ್ಟಾದರೂ, ದೃಷ್ಟಿ ಬರಬೇಕು, ತೀರಾ ಕೆಟ್ಟ ಫಲಿತಾಂಶ ಐದನ್ನು ಮೀರಬಾರದು. ಹಳ್ಳಿ ಹಳ್ಳಿ ಸುತ್ತಿ ಸಮೀಕ್ಷೆ ಮಾಡಿದಾಗ ಎಷ್ಟೋ ದೇಶಗಳು ಈ ಗೆರೆ ಮುಟ್ಟಿರಲಿಲ್ಲ. "ಆಪರೇಷನ್ ಆಗಿದೆ, ಆದರೂ ಸರಿಯಾಗಿ ಕಾಣುವುದಿಲ್ಲ" ಎನ್ನುವವರು ಸಾಲುಸಾಲಾಗಿ ಸಿಕ್ಕರು. 2021ರಲ್ಲಿ ವಿಶ್ವ ಆರೋಗ್ಯ ಅಧಿವೇಶನ 2030ಕ್ಕೆ ಇಟ್ಟ ಗುರಿಯಲ್ಲಿ ಮಾತನ್ನೇ ಬದಲಿಸಿದರು. ಎಷ್ಟು ಜನರಿಗೆ ಆಪರೇಷನ್ ಆಯಿತು ಎಂಬುದರ ಬದಲು, ಆಪರೇಷನ್ ಆಗಿ ಚೆನ್ನಾಗಿಯೂ ಕಾಣುತ್ತಿರುವವರು ಎಷ್ಟು ಎಂದು ಎಣಿಸಬೇಕು. ಸರ್ಕಾರಿ ಭಾಷೆಯಲ್ಲಿ ಸಣ್ಣ ತಿದ್ದುಪಡಿ. ನಮ್ಮ ಕಸುಬಿನಲ್ಲಿ ದೊಡ್ಡ ಪಲ್ಲಟ.

ಹಾಗಾದರೆ ಆರನೆಯ ವಾರ ಅಲ್ಲಿರುವವರು ಯಾರು? ಬಡದೇಶಗಳಲ್ಲಿ ಹತ್ತು ಲಕ್ಷ ಜನಕ್ಕೆ ಸರಾಸರಿ ನಾಲ್ವರೂ ಕಣ್ಣಿನ ವೈದ್ಯರಿಲ್ಲ. ಶ್ರೀಮಂತ ದೇಶಗಳಲ್ಲಿ 76 ಮಂದಿ. ಅವರಲ್ಲೂ ಹೆಚ್ಚಿನವರು ರಾಜಧಾನಿ ಬಿಟ್ಟು ಕದಲುವುದಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ. ಅದಕ್ಕೇ ಒಳ್ಳೆಯ ಸಂಸ್ಥೆಗಳು ಕಾಲಕ್ರಮದಲ್ಲಿ ಆಪರೇಷನ್ ಮಾಡುವುದರಿಂದ ಕಲಿಸುವುದರ ಕಡೆ ವಾಲಿದವು. ಆರ್ಬಿಸ್ ಸಂಸ್ಥೆಯ ಹಾರುವ ಆಸ್ಪತ್ರೆಯ ಚಿತ್ರ ನೀವು ನೋಡಿರಬಹುದು. 1982ರಲ್ಲಿ ಹಳೆಯ ಡಿಸಿ-8 ವಿಮಾನವೊಂದನ್ನು ಆಪರೇಷನ್ ಕೋಣೆಯಾಗಿ ಮಾಡಿ ಪನಾಮಾಕ್ಕೆ ಹಾರಿಸಿದರು. 2016ರಿಂದ ಬಳಕೆಯಲ್ಲಿರುವುದು ಮೂರನೆಯ ವಿಮಾನ. ನೋಡುವವರಿಗೆ ಬೆರಗು ವಿಮಾನದ್ದು. ಅದರೊಳಗಿನ ಮುಖ್ಯ ಜಾಗ ಆಪರೇಷನ್ ಮೇಜಲ್ಲ, ಮುಂಭಾಗದಲ್ಲಿರುವ ತರಗತಿ. ಅಲ್ಲಿ ಕೂತ ಸ್ಥಳೀಯ ವೈದ್ಯರು ಪರದೆಯ ಮೇಲೆ ಆಪರೇಷನ್ ನೋಡುತ್ತಾ ಪ್ರಶ್ನೆ ಕೇಳುತ್ತಾರೆ. ಇಷ್ಟಾದರೂ ವಿಮಾನ ಹಾರಿಸುವ ಖರ್ಚಿನ ಬಗ್ಗೆ ನನಗೆ ಒಳಗೊಳಗೆ ತಕರಾರಿದೆ. ಅದೇ ಸಂಸ್ಥೆಯ ಸೈಬರ್‌ಸೈಟ್ ಎಂಬ ಆನ್‌ಲೈನ್ ಪಾಠಶಾಲೆ ಸದ್ದಿಲ್ಲದೆ ಮಾಡುತ್ತಿರುವ ಕೆಲಸ ನನಗೆ ಹೆಚ್ಚು ಹಿಡಿಸುತ್ತದೆ.

ಹೊರಗಿನವರ ಉಚಿತ ಶಿಬಿರದಿಂದ ಆಗುವ ಇನ್ನೊಂದು ಕೇಡು ದಾನಿಗಳ ಕಣ್ಣಿಗೆ ಬೀಳುವುದಿಲ್ಲ. ಅಲ್ಲೇ ಕಷ್ಟಪಟ್ಟು ಆಸ್ಪತ್ರೆ ನಡೆಸುತ್ತಿರುವ ಡಾಕ್ಟರಿಗೆ ಅದು ಹೊಟ್ಟೆ ಮೇಲಿನ ಹೊಡೆತ. "ಡಿಸೆಂಬರಿನಲ್ಲಿ ಫಾರಿನ್ ಡಾಕ್ಟರು ಬರುತ್ತಾರೆ, ಪುಕ್ಕಟೆ" ಎಂದು ಜನ ಹತ್ತು ತಿಂಗಳು ಕಾಯುತ್ತಾರೆ, ಅಷ್ಟರಲ್ಲಿ ಅವರ ಆಸ್ಪತ್ರೆ ಸೊರಗುತ್ತದೆ. 2004ರಲ್ಲಿ ಕ್ಯೂಬಾ ಮತ್ತು ವೆನೆಜುವೆಲಾ ಶುರುಮಾಡಿದ 'ಮಿಲಾಗ್ರೊ' ಎಂಬ ಉಚಿತ ಕಣ್ಣಿನ ಆಪರೇಷನ್ ಯೋಜನೆಯ ವಿಷಯದಲ್ಲೂ ಕೆಲವೆಡೆ ಸ್ಥಳೀಯ ವೈದ್ಯರು ಗೊಣಗಿದರು. ಅದರ ಹಿಂದೆ ರಾಜಕೀಯವಿತ್ತು, ಲಕ್ಷಾಂತರ ಬಡವರಿಗೆ ಕಣ್ಣು ಬಂದದ್ದೂ ನಿಜ. ಚೆ ಗೆವಾರಾನಿಗೆ ಗುಂಡಿಟ್ಟ ಬೊಲಿವಿಯಾದ ಸೈನಿಕ ಮುದುಕನಾದ ಮೇಲೆ ಇದೇ ಯೋಜನೆಯಲ್ಲಿ ಕ್ಯೂಬಾದ ವೈದ್ಯರಿಂದ ಪೊರೆ ತೆಗೆಸಿಕೊಂಡನೆಂದು ಕ್ಯೂಬಾದ ಪತ್ರಿಕೆ ಬರೆದಿತ್ತು!

ಆಪರೇಷನ್ ಪುಕ್ಕಟೆಯಾದರೂ ಬಾರದವರ ಪ್ರಶ್ನೆ ಬೇರೆಯೇ ಇದೆ. ಕುರುಡರಲ್ಲಿ ನೂರಕ್ಕೆ 55 ಮಂದಿ ಹೆಂಗಸರು. ಕಾಣದ ಅಜ್ಜಿಯನ್ನು ಆಸ್ಪತ್ರೆಗೆ ಕರೆತರಲು ಒಬ್ಬರು ಎರಡು ದಿನದ ಕೂಲಿ ಬಿಡಬೇಕು, ಬಸ್ ಚಾರ್ಜ್ ಕೊಡಬೇಕು. ಅಜ್ಜನಿಗಾಗಿ ಬಿಡುವ ಕೂಲಿಯನ್ನು ಅಜ್ಜಿಗಾಗಿ ಬಿಡುವವರು ಕಡಿಮೆ. "ವಯಸ್ಸಾಯ್ತಲ್ಲ, ಇನ್ನೇನು ನೋಡಬೇಕಾಗಿದೆ" ಎಂದು ಅಜ್ಜಿಯೇ ಹೇಳಿಬಿಡುತ್ತಾಳೆ. ಕೀನ್ಯಾದ ಶಾಲೆಗಳಲ್ಲಿ ನಡೆದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಮಕ್ಕಳ ಕಣ್ಣನ್ನು ಪೀಕ್ ಎಂಬ ಮೊಬೈಲ್ ಆ್ಯಪ್‌ನಿಂದ ಪರೀಕ್ಷಿಸಿ, ದೋಷವಿದ್ದ ಮಗುವಿಗೆ ಕರಿಹಲಗೆ ಹೇಗೆ ಮಸುಕಾಗಿ ಕಾಣುತ್ತದೆ ಎಂಬ ಚಿತ್ರವನ್ನು ತಂದೆತಾಯಿಗೆ ತೋರಿಸಿ, ಮೊಬೈಲ್‌ಗೆ ನೆನಪಿನ ಸಂದೇಶ ಕಳಿಸಿದರು. ಆಸ್ಪತ್ರೆಗೆ ಬಂದ ಮಕ್ಕಳು ನೂರಕ್ಕೆ 54. ಬರೀ ಚೀಟಿ ಕೊಟ್ಟು ಕಳಿಸಿದ ಶಾಲೆಗಳಿಂದ 22. ಔಷಧಿಯೂ ಹೊಸದಲ್ಲ, ಡಾಕ್ಟರೂ ಹೊಸಬರಲ್ಲ. ಬಂದರೋ ಇಲ್ಲವೋ ಎಂದು ಯಾರೋ ಹಿಂದೆ ಬಿದ್ದರು, ಅಷ್ಟೆ.

ಪೊರೆಯೊಂದನ್ನೇ ಹಿಡಿದು ಕೂತೆ ಅನ್ನಿಸಬಹುದು. ಕತ್ತರಿಯನ್ನೇ ಮುಟ್ಟದೆ ಕಣ್ಣು ಉಳಿಸಿದ ಕೆಲಸಗಳೂ ಇವೆ. ನನ್ನ ಲೆಕ್ಕದಲ್ಲಿ ಇಡೀ ಕ್ಷೇತ್ರದ ದೊಡ್ಡ ಸಾಧನೆ ಅಲ್ಲಿಯದು.

ಪಶ್ಚಿಮ ಆಫ್ರಿಕಾದಲ್ಲಿ ರಭಸವಾಗಿ ಹರಿಯುವ ಹೊಳೆಗಳಲ್ಲಿ ಒಂದು ಜಾತಿಯ ಕಪ್ಪುನೊಣ ಮರಿಮಾಡುತ್ತದೆ. ಅದು ಕಚ್ಚಿದರೆ ಮೈಯೊಳಗೆ ಹುಳು ಸೇರುತ್ತದೆ. ಆ ಹುಳುವಿನ ಲಕ್ಷಾಂತರ ಮರಿಗಳು ಚರ್ಮದಡಿ ಹರಿದಾಡಿ ತುರಿಸುತ್ತವೆ, ಕಣ್ಣಿಗೆ ನುಗ್ಗಿ ಕುರುಡು ಮಾಡುತ್ತವೆ. ರಿವರ್ ಬ್ಲೈಂಡ್‌ನೆಸ್ ಎನ್ನುವುದು ಈ ಕಾಯಿಲೆಯನ್ನೇ. ಹೊಳೆದಂಡೆಯ ಫಲವತ್ತಾದ ನೆಲವನ್ನು ಬಿಟ್ಟು ಇಡೀ ಊರುಗಳೇ ಗುಳೆ ಹೋಗುತ್ತಿದ್ದವು. ಮಗುವೊಂದು ಕೋಲಿನ ಒಂದು ತುದಿ ಹಿಡಿದು, ಇನ್ನೊಂದು ತುದಿ ಹಿಡಿದ ಕುರುಡ ಮುದುಕನನ್ನು ನಡೆಸಿಕೊಂಡು ಹೋಗುವ ಶಿಲ್ಪ ವಿಶ್ವಬ್ಯಾಂಕಿನ ಕಚೇರಿಯಲ್ಲಿದೆ, ಅದು ಈ ಕಾಯಿಲೆಯದೇ ಚಿತ್ರ. 1974ರಲ್ಲಿ ಹೆಲಿಕಾಪ್ಟರ್‌ಗಳಿಂದ ಹೊಳೆಗಳಿಗೆ ಔಷಧಿ ಸುರಿದು ನೊಣದ ಮರಿ ಕೊಲ್ಲುವ ಕಾರ್ಯಕ್ರಮ ಶುರುವಾಯಿತು. 1987ರಲ್ಲಿ ಮರ್ಕ್ ಎಂಬ ಔಷಧ ಕಂಪನಿ ಈ ಹುಳುವಿನ ಮರಿಗಳನ್ನು ಕೊಲ್ಲುವ ಐವರ್‌ಮೆಕ್ಟಿನ್ ಮಾತ್ರೆಯನ್ನು ಬೇಕಾದಷ್ಟು, ಬೇಕಾದಷ್ಟು ಕಾಲ ಉಚಿತವಾಗಿ ಕೊಡುತ್ತೇವೆಂದು ಘೋಷಿಸಿತು. ಜಪಾನಿನ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯೊಂದರಿಂದ ಬಂದ ಔಷಧಿ ಅದು. ಕಂಡುಹಿಡಿದ ಒಮುರಾ ಮತ್ತು ಕ್ಯಾಂಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು.

ತೊಡಕೇನೆಂದರೆ, ಮಾತ್ರೆ ಮರಿಗಳನ್ನು ಕೊಲ್ಲುತ್ತದೆ, ತಾಯಿಹುಳುವನ್ನು ಕೊಲ್ಲುವುದಿಲ್ಲ. ತಾಯಿಹುಳು ಮೈಯೊಳಗೆ ಹತ್ತು ಹದಿನೈದು ವರ್ಷ ಬದುಕುತ್ತದೆ. ಅಂದರೆ ಇಡೀ ಊರಿಗೆ ವರ್ಷಕ್ಕೊಮ್ಮೆಯಾದರೂ, ಹದಿನೈದು ವರ್ಷ ಬಿಡದೆ ಮಾತ್ರೆ ನುಂಗಿಸಬೇಕು. ಯಾವ ವಿದೇಶಿ ಡಾಕ್ಟರು ಅಷ್ಟು ವರ್ಷ ಬಂದಾನು? ಅದಕ್ಕೆ ಊರವರೇ ತಮ್ಮೊಳಗೊಬ್ಬರನ್ನು ಆರಿಸಿ, ಅವರ ಕೈಯಿಂದಲೇ ಮಾತ್ರೆ ಹಂಚಿಸುವ ಪದ್ಧತಿ ಬೆಳೆಯಿತು. ತೂಕದ ಯಂತ್ರವಿಲ್ಲದ ಕಡೆ ಗುರುತು ಹಾಕಿದ ಉದ್ದನೆಯ ಕೋಲನ್ನು ಪಕ್ಕಕ್ಕೆ ಹಿಡಿದು, ಎತ್ತರ ನೋಡಿ ಎಷ್ಟು ಮಾತ್ರೆ ಎಂದು ತೀರ್ಮಾನಿಸುತ್ತಾರೆ. ಮುದುಕನನ್ನು ನಡೆಸುತ್ತಿದ್ದ ಕೋಲು ಹೋಗಿ ಈ ಕೋಲು ಬಂತು. ಕೊಲಂಬಿಯಾ 2013ರಲ್ಲಿ, ಈಕ್ವೆಡಾರ್ 2014ರಲ್ಲಿ, ಮೆಕ್ಸಿಕೊ 2015ರಲ್ಲಿ, ಗ್ವಾಟೆಮಾಲಾ 2016ರಲ್ಲಿ ಈ ಕಾಯಿಲೆಯಿಂದ ಮುಕ್ತವೆಂದು ಖಚಿತವಾಯಿತು. ಆಫ್ರಿಕಾದಲ್ಲಿ ಆ ಪಟ್ಟಿಗೆ ಮೊದಲು ಸೇರಿದ ದೇಶ ನೈಜರ್, 2025ರ ಜನವರಿಯಲ್ಲಿ.

ಟ್ರಕೋಮಾದ ವಿಷಯ ಇನ್ನೂ ಮನೆಯೊಳಗಿನದು. ಮಕ್ಕಳ ಕಣ್ಣಿನ ಪಿಸುರಿನಿಂದ, ಅದಕ್ಕೆ ಮುತ್ತುವ ನೊಣಗಳಿಂದ, ಒರೆಸಿದ ಬಟ್ಟೆಯಿಂದ ಹರಡುವ ಸೋಂಕು. ಪದೇ ಪದೇ ತಗುಲಿದರೆ ರೆಪ್ಪೆಯ ಒಳಮೈಯಲ್ಲಿ ಕಲೆಗಟ್ಟಿ, ರೆಪ್ಪೆ ಒಳಕ್ಕೆ ಮಡಚಿ, ಕೂದಲುಗಳು ಕಣ್ಣುಗುಡ್ಡೆಯನ್ನು ಕೆರೆಯತೊಡಗುತ್ತವೆ. ಪ್ರತಿ ಸಲ ರೆಪ್ಪೆ ಮಿಟುಕಿಸಿದಾಗಲೂ ಮರಳು ಉಜ್ಜಿದ ಹಾಗೆ. ಮಕ್ಕಳನ್ನು ಎತ್ತಿ ಆಡಿಸುವವರು ಹೆಂಗಸರಾದ್ದರಿಂದ ಹೆಚ್ಚು ನರಳುವವರೂ ಅವರೇ. ಸೊಂಟದಲ್ಲಿ ಚಿಮಟ ಇಟ್ಟುಕೊಂಡು ತಮ್ಮ ರೆಪ್ಪೆಗೂದಲನ್ನು ತಾವೇ ಕಿತ್ತುಕೊಳ್ಳುತ್ತಾರೆ. ಔಷಧ ಕಂಪನಿ ಫೈಜರ್ 1998ರಿಂದ ಸೋಂಕು ಕೊಲ್ಲುವ ಅಜಿಥ್ರೊಮೈಸಿನ್ ಔಷಧಿಯನ್ನು ದಾನ ಕೊಡುತ್ತಿದೆ, ಇಥಿಯೋಪಿಯಾದಂಥ ಕಡೆ ತರಬೇತಾದ ನರ್ಸ್‌ಗಳೇ ರೆಪ್ಪೆ ತಿರುಗಿಸುವ ಆಪರೇಷನ್ ಮಾಡುತ್ತಾರೆ. ಆದರೆ ಮುಖ ತೊಳೆಯಲು ನೀರಿಲ್ಲದಿದ್ದರೆ ಸೋಂಕು ಮರಳಿ ಬರುತ್ತದೆ. ಮೊರಾಕ್ಕೊ 2016ರಲ್ಲಿ, ಘಾನಾ 2018ರಲ್ಲಿ, ಮಲಾವಿ 2022ರಲ್ಲಿ ಇದನ್ನು ಸಾರ್ವಜನಿಕ ಆರೋಗ್ಯದ ಪಿಡುಗೆಂಬ ಮಟ್ಟದಿಂದ ಕೆಳಗಿಳಿಸಿವೆ. ಕೊಳವೆಬಾವಿ ತೋಡಿಸುವವರು ಕಣ್ಣಿನ ಕೆಲಸವನ್ನೂ ಮಾಡುತ್ತಿದ್ದಾರೆ ಎಂದು ನಾನು ಹೇಳಿದರೆ ದಾನಿಗಳು ನಗುತ್ತಾರೆ.

ಎ ಜೀವಸತ್ವದ ಹನಿಯ ಬಗ್ಗೆ ಒಂದೇ ಮಾತು. ಇರುಳುಗುರುಡು ತಡೆಯಲು ಕೊಡುತ್ತಿದ್ದ ಅದು ಮಕ್ಕಳ ಸಾವನ್ನೂ ಕಡಿಮೆ ಮಾಡುತ್ತದೆ ಎಂದು ಆಲ್ಫ್ರೆಡ್ ಸಾಮರ್ ಎಂಬ ಕಣ್ಣಿನ ವೈದ್ಯರು ಇಂಡೋನೇಷ್ಯಾದಲ್ಲಿ ಕಂಡುಕೊಂಡಾಗ ಮೊದಮೊದಲು ಹೆಚ್ಚಿನವರು ನಂಬಲಿಲ್ಲ. ಹೆಲೆನ್ ಕೆಲ್ಲರ್ ಹೆಸರಿನ, 1915ರಷ್ಟು ಹಳೆಯ ಸಂಸ್ಥೆ ಈ ಕೆಲಸದಲ್ಲಿ ಈಗಲೂ ತೊಡಗಿದೆ.

ದಾನಿಗಳಿಗೆ ಬೇಡವಾದ ಕಾಯಿಲೆಗಳೂ ಇವೆ. ಕಣ್ಣಿನ ನರ ಮೆಲ್ಲಗೆ ಸಾಯುವ ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಉಳಿಸಲು ಸಾಯುವವರೆಗೆ ಹನಿ ಹಾಕಬೇಕು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾ ಕೆಡುವುದೂ ಅಂಥದ್ದೇ ಉದ್ದನೆಯ ವ್ಯವಹಾರ. ಪಟ್ಟಿ ಬಿಚ್ಚುವ ಗಳಿಗೆ ಇಲ್ಲ, ಫೋಟೋ ಇಲ್ಲ, ಆದ್ದರಿಂದ ಹಣವೂ ಇಲ್ಲ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ.

ಕನ್ನಡಕದ ಮಾತಿಗೆ ಮತ್ತೆ ಬರುತ್ತೇನೆ, ಪೆಟ್ಟಿಗೆ ಬೇಡ ಎಂದಷ್ಟಕ್ಕೇ ಬಿಟ್ಟರೆ ತಪ್ಪಾಗುತ್ತದೆ. ಚಾಳೀಸು ಬಂದು ಹತ್ತಿರದ್ದು ಕಾಣದೆ, ಕನ್ನಡಕವೂ ಇಲ್ಲದೆ ಒದ್ದಾಡುವವರು ಜಗತ್ತಿನಲ್ಲಿ ಸುಮಾರು 51 ಕೋಟಿ. ಇವರಿಗೆ ಡಾಕ್ಟರು ಬೇಡ. ತರಬೇತಾದ ಆರೋಗ್ಯ ಕಾರ್ಯಕರ್ತೆಯೊಬ್ಬಳು ಹೊಸ ರೆಡಿಮೇಡ್ ಕನ್ನಡಕಗಳ ಚೀಲ ಹಿಡಿದು ಮನೆಬಾಗಿಲಿಗೆ ಬಂದರೆ ಸಾಕು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಾಗೆ ಕನ್ನಡಕ ಕೊಟ್ಟು ಎಂಟು ತಿಂಗಳ ನಂತರ ನೋಡಿದಾಗ ಕನ್ನಡಕ ಸಿಕ್ಕವರ ತಿಂಗಳ ಸಂಪಾದನೆ ಸಿಗದವರಿಗಿಂತ ಮೂರನೇ ಒಂದರಷ್ಟು ಹೆಚ್ಚಿತ್ತು. ಇದು 2024ರಲ್ಲಿ ಪ್ರಕಟವಾಯಿತು. ಅಕ್ಕಿಯ ಕಲ್ಲು ಆರಿಸುವುದು, ಸೂಜಿಗೆ ದಾರ ಪೋಣಿಸುವುದು, ಬೀಜ ಬೇರ್ಪಡಿಸುವುದು, ಇಂಥ ಕೆಲಸ ಕೈತಪ್ಪಿದ್ದು ಮರಳಿ ಬಂತು. ಆ ಕನ್ನಡಕ ಒಡೆದರೆ? ಕಾರ್ಯಕರ್ತೆ ಅದೇ ಊರಿನವಳು, ಇನ್ನೊಂದು ಕೊಡುತ್ತಾಳೆ. ನಿಮ್ಮ ಹಣದಲ್ಲಿ ಒಂದು ಪಾಲನ್ನು ಕಣ್ಣುಮುಚ್ಚಿ ಎಲ್ಲಿಗಾದರೂ ಕೊಡಿ ಎಂದರೆ ನಾನು ಇಲ್ಲಿಗೆ ಕೊಡುತ್ತೇನೆ.

ಉಳಿದ ಹಣಕ್ಕೆ, ನಿಮ್ಮನ್ನು ಕೇಳಿದ ಸಂಸ್ಥೆಗೆ ಒಂದು ಪತ್ರ ಬರೆಯಿರಿ. ಕಳೆದ ವರ್ಷ ಆಪರೇಷನ್ ಆದವರಲ್ಲಿ ಆರನೆಯ ವಾರ ಎಷ್ಟು ಮಂದಿಯನ್ನು ಮತ್ತೆ ನೋಡಿದಿರಿ, ಅವರಲ್ಲಿ ಎಷ್ಟು ಜನರಿಗೆ 6/18ಕ್ಕಿಂತ ಚೆನ್ನಾಗಿ ಕಾಣುತ್ತಿತ್ತು ಎಂದು ಕೇಳಿ. ಕತ್ತರಿ ಹಿಡಿದವರು ಅದೇ ದೇಶದವರೋ ಹೊರಗಿನಿಂದ ಹೋದವರೋ, ಹೆಂಗಸರೆಷ್ಟು, ಕರೆದುಕೊಂಡು ಬಂದವರ ಬಸ್ ಖರ್ಚು ಯಾರದು, ಕಣ್ಣಿಗೆ ಕೀವಾದರೆ ಎಲ್ಲಿಗೆ ಕಳಿಸುತ್ತೀರಿ ಎಂದೂ ಕೇಳಿ. ನೂರಕ್ಕೆ ನೂರು ಯಶಸ್ಸು ಎಂದು ಉತ್ತರ ಬಂದರೆ ಅನುಮಾನಪಡಿ. "ನೂರರಲ್ಲಿ ಅರವತ್ತು ಜನ ಮಾತ್ರ ಮರಳಿ ಬಂದರು, ಉಳಿದವರನ್ನು ಹುಡುಕಲು ಆಗಲಿಲ್ಲ" ಎಂದು ನಾಚಿಕೆಯಿಂದ ಬರೆದವರಿಗೆ ನಾನಾದರೆ ಕೊಡುತ್ತೇನೆ. ಎಣಿಸಿದವರಿಗೆ ಮಾತ್ರ ಆ ಅರವತ್ತು ಗೊತ್ತಿರುತ್ತದೆ. ಕೊಡುವಾಗ "ಇದು ಇಷ್ಟು ಆಪರೇಷನ್‌ಗೆ ಮಾತ್ರ" ಎಂದು ಕಟ್ಟುಹಾಕಬೇಡಿ. ಹಾಗೆ ಕಟ್ಟುಹಾಕಿದ ಹಣದಲ್ಲಿ ಕೆಟ್ಟ ಸೂಕ್ಷ್ಮದರ್ಶಕದ ಬಲ್ಬ್ ಬದಲಿಸಲೂ ಬರುವುದಿಲ್ಲ.

ಗೆಳೆಯರ ಮಗಳ ವಿಷಯ. ಹೋಗಲಿ. ಆದರೆ ಎರಡು ವಾರದಲ್ಲಿ ತಾನೇ ನೂರು ಕಣ್ಣು ಮಾಡಿ ಬರುವುದಕ್ಕಾಗಿ ಬೇಡ. ಅಲ್ಲಿ ಆಗಲೇ ಒಬ್ಬ ಕಣ್ಣಿನ ವೈದ್ಯರೋ ಪಳಗಿದ ನರ್ಸೋ ಇರುವ ಆಸ್ಪತ್ರೆಯನ್ನು ಆರಿಸಿಕೊಳ್ಳಲಿ, ಹೋಗುವ ಮೊದಲೇ "ನಿಮಗೆ ಏನು ಬೇಕು" ಎಂದು ಕೇಳಲಿ. ಬೇಕಾಗಿರುವುದು ಮಕ್ಕಳ ಕಣ್ಣಿನ ಪಾಠವೋ, ಕಣ್ಣು ಪರೀಕ್ಷಿಸುವ ಸ್ಲಿಟ್ ಲ್ಯಾಂಪ್ ಎಂಬ ಯಂತ್ರದ ರಿಪೇರಿಯೋ ಆಗಿದ್ದರೆ ಅದಕ್ಕೇ ಹೋಗಲಿ. ಆಪರೇಷನ್ ಮಾಡುವುದಾದರೆ ಆ ವೈದ್ಯರು ಮಾಡಲಿ, ಇವಳು ಪಕ್ಕದಲ್ಲಿ ಕೂರಲಿ. ಆ ಸುರಂಗದ ಸೀಳನ್ನು ಇವಳೇ ಅವರಿಂದ ಕಲಿತು ಬರುವ ಸಾಧ್ಯತೆಯೂ ಇದೆ, ಯಂತ್ರದಲ್ಲೇ ಪಳಗಿದ ಹೊಸ ಹುಡುಗರಿಗೆ ಅದು ಅಷ್ಟಾಗಿ ಕೈಗೆ ಹತ್ತಿರುವುದಿಲ್ಲ. ಕೊನೆಯ ಮೂರು ದಿನ ಆಪರೇಷನ್ ಇಟ್ಟುಕೊಳ್ಳುವುದು ಬೇಡವೇ ಬೇಡ. ಮುಂದಿನ ವರ್ಷವೂ ಅದೇ ಊರಿಗೆ ಹೋಗುವುದಾದರೆ ಮಾತ್ರ ಈ ವರ್ಷದ ಟಿಕೆಟ್ ತೆಗೆಸಲಿ. ವಾಪಸ್ ಬಂದ ಆರನೆಯ ವಾರ ಫೋನು ಮಾಡಿ ಆ ಕಣ್ಣುಗಳು ಹೇಗಿವೆ ಎಂದು ವಿಚಾರಿಸುವುದನ್ನು ಮರೆಯಬಾರದು. ನನಗೆ ಕಾಗದ ಬರೆದ ಆ ನರ್ಸ್‌ಗೆ ನಾನು ಮೊದಲೇ ಫೋನು ಮಾಡಿದ್ದರೆ ಮೂರು ತಿಂಗಳು ಕಾಯಬೇಕಿರಲಿಲ್ಲ.